ಇಡ್ಲಿಯ ಹಿಟ್ಟು, ಇಡ್ಲಿಯ ಹಾಳೆ: ಕರುಳಿನ ಸೂಕ್ಷ್ಮಜೀವಿಗಳು, ಪ್ಲಾಸ್ಟಿಕ್ ಕಣಗಳು ಮತ್ತು ಹಾಸನ ಸೀಮೆಯ ವ್ಯಾಪಾರ

2025ನೇ ಇಸವಿಯ ಫೆಬ್ರವರಿ ಕೊನೆಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವ ವಿಧಾನವನ್ನು ಪರಿಶೀಲಿಸಿತು. 251 ಕಡೆಗಳಲ್ಲಿ ನಡೆದ ಈ ತಪಾಸಣೆಯಲ್ಲಿ 52 ಕಡೆ ಬಟ್ಟೆಯ ಬದಲಿಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ಮೇಲೆ ಹಿಟ್ಟನ್ನು ಸುರಿದು ಹಬೆಯಲ್ಲಿ ಬೇಯಿಸುತ್ತಿದ್ದುದು ಕಂಡುಬಂದಿತು. ಆರೋಗ್ಯ ಸಚಿವ ಶ್ರೀ ದಿನೇಶ್ ಗುಂಡೂರಾವ್ ಅವರು ಈ ವಿಷಯವನ್ನು ಪ್ರಕಟಿಸಿ, ಇಂತಹ ಬಳಕೆಯನ್ನು ನಿಷೇಧಿಸಲಾಗುವುದೆಂದು ತಿಳಿಸಿದರು.

ಈ ಪ್ರಸಂಗದಲ್ಲಿ ವರ್ತಕರು ಗಮನಿಸಬೇಕಾದ ಒಂದು ವೈಚಿತ್ರ್ಯವಿದೆ. ಹಾಳೆಯ ಮೇಲಿದ್ದ ಹಿಟ್ಟಿನಲ್ಲಿ ಹುಳಿ ಬರಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದವು. ಅದೇ ಜಾತಿಯ ಸೂಕ್ಷ್ಮಜೀವಿಯ ಒಂದು ತಳಿಯು ಕರುಳಿನಲ್ಲಿ ಪ್ಲಾಸ್ಟಿಕ್ ಕಣಗಳಿಗೆ ಅಂಟಿಕೊಂಡು ಅವುಗಳನ್ನು ಹೊರಹಾಕಲು ನೆರವಾಗಬಲ್ಲದೇ ಎಂಬ ಪ್ರಯೋಗಗಳು ಇಂದು ಹೊರದೇಶಗಳಲ್ಲಿ ನಡೆಯುತ್ತಿವೆ. ಅಂದರೆ ಒಂದೇ ತಟ್ಟೆಯಲ್ಲಿ ತೊಂದರೆಯ ಮೂಲವೂ, ಪರಿಹಾರವಾಗಬಹುದೆಂದು ವಿಜ್ಞಾನಿಗಳು ಶಂಕಿಸುತ್ತಿರುವ ವಸ್ತುವೂ ಕೂಡಿ ಬೆಂದಿದ್ದವು. ಇವೆರಡರಲ್ಲಿ ಯಾವುದರ ಮೇಲೆ ವ್ಯಾಪಾರಿಯು ಇಂದು ಭರವಸೆಯಿಡಬಹುದು, ಯಾವುದರ ಮೇಲೆ ಇಡಬಾರದು ಎಂಬುದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ವ್ಯಾಪಾರದ ಹಿನ್ನೆಲೆಯಲ್ಲಿ ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೂಕ್ಷ್ಮ ಪ್ಲಾಸ್ಟಿಕ್ ಎಂದರೇನು?

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ತುಣುಕುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದಾದವುಗಳಿಗೆ ನ್ಯಾನೋ ಪ್ಲಾಸ್ಟಿಕ್ ಎಂಬ ಹೆಸರಿದೆ. ಕೆಲವನ್ನು ಕಾರ್ಖಾನೆಗಳಲ್ಲಿ ಉದ್ದೇಶಪೂರ್ವಕವಾಗಿಯೇ ಚಿಕ್ಕ ಮಣಿಗಳಾಗಿ ತಯಾರಿಸಲಾಗುತ್ತದೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳೊಂದಿಗೆ ಇಂತಹ ಸೂಕ್ಷ್ಮ ಮಣಿಗಳನ್ನು ಬಳಸಿದ ವಸ್ತುಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತ್ತೆಂಬುದು ಸ್ಮರಣೀಯ. ಆದರೆ ಬಹುಪಾಲು ಕಣಗಳು ದೊಡ್ಡ ವಸ್ತುಗಳು ಸವೆದು, ಬಿಸಿಲಿಗೆ ಒಣಗಿ, ಬಿಸಿಗೆ ಸಡಿಲಗೊಂಡು, ತಿಕ್ಕಾಟಕ್ಕೆ ಸಿಕ್ಕಿ ಹುಟ್ಟುವಂತಹವು. ಬಿಸಿಲಿನಲ್ಲಿ ವರ್ಷವಿಡೀ ಬಿದ್ದಿದ್ದ ಹೆಣೆದ ಪ್ಲಾಸ್ಟಿಕ್ ಚೀಲವನ್ನು ಕೊಡವಿದಾಗ ಉದುರುವ ಬಿಳಿಯ ಪುಡಿಯನ್ನು ಕಾಣದ ಮಂಡಿ ವರ್ತಕರು ವಿರಳ. ಕಣ್ಣಿಗೆ ಕಾಣುವ ಆ ಪುಡಿಯು ಕಾಣದ ಭಾಗದ ಸುಳಿವು ಮಾತ್ರ.

ಹೇಮಾವತಿಯಿಂದ ಕನ್ನಂಬಾಡಿಗೆ

ಈ ಸಮಸ್ಯೆಯು ದೂರದ ಸಮುದ್ರಗಳಿಗೆ ಸಂಬಂಧಿಸಿದ್ದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಹೇಮಾವತಿ ನದಿಯು ಗೊರೂರಿನ ಜಲಾಶಯವನ್ನು ದಾಟಿ, ಹೊಳೆನರಸೀಪುರದ ಪಕ್ಕದಲ್ಲಿ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯು ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳ ಮೂಲಕ ಹಾದು ಅದೇ ಜಲಾಶಯವನ್ನು ಸೇರುತ್ತದೆ. ಈ ಕೃಷ್ಣರಾಜಸಾಗರದ ಬಳಿಯ ನೀರನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್‌ಥೊಂಬಾ ಅವರ ತಂಡವು ಪರೀಕ್ಷೆಗೆ ಒಳಪಡಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು.

ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ ಮತ್ತು ನಿಂತಿರುವ ನೀರು ಎಂಬ ಮೂರು ಬಗೆಯ ಸ್ಥಳಗಳಿಂದ ಮಾದರಿಗಳನ್ನು ಸಂಗ್ರಹಿಸಲಾಯಿತು. ನಿಧಾನವಾಗಿ ಹರಿಯುವ ಹಾಗೂ ನಿಂತ ನೀರಿನ ಮಾದರಿಗಳಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ, ರಾಸಾಯನಿಕ ಅಂಶಗಳೂ ಪತ್ತೆಯಾದವು. ಆ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆಗಳ ವಿಕಾರ, ಜೀವಕೋಶಗಳ ಹಾನಿ ಮತ್ತು ವಂಶವಾಹಿಯ ಹಾನಿ ಕಂಡುಬಂದವು. ನೀರಿನಲ್ಲಿ ಇತರ ಮಾಲಿನ್ಯಗಳೂ ಇದ್ದುದರಿಂದ ಇಡೀ ದೋಷವನ್ನು ಪ್ಲಾಸ್ಟಿಕ್ ಒಂದರ ಮೇಲೆಯೇ ಹೊರಿಸಲಾಗದು. ಮೀನಿಗೆ ಆದದ್ದು ಮನುಷ್ಯರಿಗೂ ಆಗುವುದೆಂದೂ ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಮೇಲಿನ ತಾಲ್ಲೂಕುಗಳ ಸಂತೆ, ಮಂಡಿ, ಚರಂಡಿಗಳಿಂದ ನದಿಗೆ ಸೇರುವುದು ಕಣ್ಮರೆಯಾಗುವುದಿಲ್ಲ, ಕೆಳಗಿನ ಜಲಾಶಯದಲ್ಲಿ ನಿಲ್ಲುತ್ತದೆ ಎಂಬ ಪಾಠವನ್ನು ಈ ಅಧ್ಯಯನವು ಸ್ಪಷ್ಟವಾಗಿ ಕಲಿಸುತ್ತದೆ.

ಬಿಸಿಯೇ ಮುಖ್ಯ ಕಾರಣ

ಆಹಾರ ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಾಮಾನ್ಯ ಸೂತ್ರವು ಹೊರಬೀಳುತ್ತದೆ. ಪ್ಲಾಸ್ಟಿಕ್ಕಿಗೆ ಬಿಸಿಯು ತಗುಲಿದಾಗ ಅದು ಬಿಡುವ ಕಣಗಳ ಸಂಖ್ಯೆ ಬಹಳವಾಗಿ ಏರುತ್ತದೆ.

ಖರಗಪುರದ ಐಐಟಿಯಲ್ಲಿ ಪ್ರಾಧ್ಯಾಪಕಿ ಸುಧಾ ಗೋಯಲ್ ಅವರ ನೇತೃತ್ವದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವು ಕಾಗದದ ಲೋಟಗಳಿಗೆ ಸಂಬಂಧಿಸಿದುದು. ಇಂತಹ ಲೋಟದ ಒಳಗೆ ನೀರು ಸೋರದಂತೆ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ. 85ರಿಂದ 90 ಡಿಗ್ರಿ ಸೆಲ್ಷಿಯಸ್ ಬಿಸಿಯ 100 ಮಿಲಿಲೀಟರ್ ದ್ರವವನ್ನು 15 ನಿಮಿಷ ಅದರಲ್ಲಿರಿಸಿದಾಗ ಸುಮಾರು 25,000 ಸೂಕ್ಷ್ಮ ಕಣಗಳು ದ್ರವಕ್ಕೆ ಸೇರಿದುವೆಂದು ಅಲ್ಲಿ ಲೆಕ್ಕ ಹಾಕಲಾಯಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ಲಾಸ್ಟಿಕ್ ಎಳೆಯಿಂದ ಮಾಡಿದ ಚಹಾ ಪೊಟ್ಟಣವನ್ನು 95 ಡಿಗ್ರಿ ನೀರಿನಲ್ಲಿ ಅದ್ದಿದಾಗ ಒಂದು ಪೊಟ್ಟಣದಿಂದ 1,160 ಕೋಟಿಯಷ್ಟು ಸೂಕ್ಷ್ಮ ಕಣಗಳೂ, 310 ಕೋಟಿಯಷ್ಟು ನ್ಯಾನೋ ಕಣಗಳೂ ಬಿಡುಗಡೆಯಾದುವೆಂದು ವರದಿ ಮಾಡಿದರು. ಅಳೆಯುವ ವಿಧಾನ ಹಾಗೂ ಎಣಿಸಿದ ಕಣದ ಗಾತ್ರಗಳು ಬೇರೆಬೇರೆಯಾಗಿರುವುದರಿಂದ ಈ ಎರಡು ಸಂಖ್ಯೆಗಳನ್ನು ಪರಸ್ಪರ ಹೋಲಿಸುವುದು ಸರಿಯಲ್ಲ. ಎರಡರಲ್ಲೂ ಬಿಸಿಯ ಪಾತ್ರವನ್ನು ಗುರುತಿಸಿದರೆ ಸಾಕು.

ಬಿಸಿಯಿಲ್ಲದೆಯೂ ಕಣಗಳು ಆಹಾರವನ್ನು ಸೇರುತ್ತವೆ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷಿಸಿದ 10 ಬಗೆಯ ಉಪ್ಪು ಹಾಗೂ 5 ಬಗೆಯ ಸಕ್ಕರೆಗಳೆಲ್ಲದರಲ್ಲೂ ಇವು ಪತ್ತೆಯಾದವು. ಅದೇ ವರ್ಷ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರದಲ್ಲಿನ ಸೂಕ್ಷ್ಮ ಪ್ಲಾಸ್ಟಿಕ್ಕನ್ನು ಅಳೆಯುವ ಪ್ರಮಾಣಿತ ವಿಧಾನಗಳನ್ನು ರೂಪಿಸಲು ಲಖನೌ, ಕೊಚ್ಚಿ ಹಾಗೂ ಪಿಲಾನಿಯ ಸಂಸ್ಥೆಗಳ ಸಹಯೋಗದಲ್ಲಿ ಯೋಜನೆಯೊಂದನ್ನು ಆರಂಭಿಸಿತು.

ನುಂಗಿದ ಕಣಗಳು ಎಲ್ಲಿಗೆ ಹೋಗುತ್ತವೆ?

ಬಾಯಿಯ ಮೂಲಕ ಒಳಗೆ ಹೋದ ಕಣಗಳಲ್ಲಿ ದೊಡ್ಡವು ಹಾದು ಹೊರಗೆ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಕುರಿತು 2019ರಲ್ಲಿ ಹೊರತಂದ ವರದಿಯಲ್ಲಿ 150 ಮೈಕ್ರಾನಿಗಿಂತ ದೊಡ್ಡ ಕಣಗಳು ದೇಹದೊಳಗೆ ಹೀರಲ್ಪಡುವ ಸಂಭವ ಕಡಿಮೆ ಎಂದು ಹೇಳಿದೆ. ವಿಯೆನ್ನಾದ ವೈದ್ಯರು ಎಂಟು ಮಂದಿ ಸ್ವಯಂಸೇವಕರ ಮಲವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲರಲ್ಲೂ ಪ್ಲಾಸ್ಟಿಕ್ ಕಣಗಳಿದ್ದವು. ದೇಹವು ಇವುಗಳನ್ನು ಹೊರಹಾಕುತ್ತದೆ ಎಂಬುದಕ್ಕೂ ಇದು ಸಾಕ್ಷಿಯೇ.

ಚಿಂತೆಗೆ ಕಾರಣವಾಗಿರುವುದು ಅತಿ ಚಿಕ್ಕ ಕಣಗಳು. ನೆದರ್ಲೆಂಡ್ಸ್‌ನಲ್ಲಿ 22 ಮಂದಿ ರಕ್ತದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಂಡುಬಂದುದು 2022ರಲ್ಲಿ ವರದಿಯಾಯಿತು. ಇಟಲಿಯ ವೈದ್ಯರು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನಷ್ಟು ಗಂಭೀರವಾದುದು. ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 257 ರೋಗಿಗಳಲ್ಲಿ 150 ಮಂದಿಯ ರಕ್ತನಾಳದ ಕೊಬ್ಬಿನ ಗಂಟಿನಲ್ಲಿ ಪಾಲಿಎಥಿಲೀನ್ ಪತ್ತೆಯಾಯಿತು. ಅಂತಹವರಲ್ಲಿ ಮುಂದಿನ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣದ ಅಪಾಯವು ಉಳಿದವರಿಗಿಂತ ನಾಲ್ಕೂವರೆ ಪಟ್ಟು ಅಧಿಕವಾಗಿತ್ತು. ಇದು ಎರಡು ಸಂಗತಿಗಳು ಒಟ್ಟಿಗೆ ಇದ್ದುವೆಂದು ತೋರಿಸುತ್ತದೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸುವುದಿಲ್ಲ. ಆದರೆ ಕಡೆಗಣಿಸುವಂತಹ ವಿಷಯವೂ ಇದಲ್ಲ.

ಕರುಳಿನ ಸೂಕ್ಷ್ಮಜೀವಿಗಳ ಪಾತ್ರ

ಮನುಷ್ಯನ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ನಮ್ಮಿಂದ ಜೀರ್ಣವಾಗದ ನಾರನ್ನು ಇವು ಹುದುಗಿಸಿ ಬ್ಯೂಟಿರೇಟ್ ಮೊದಲಾದ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಇದೇ ಮುಖ್ಯ ಆಹಾರ. ಗೋಡೆಯೂ ಅದರ ಮೇಲಿನ ಲೋಳೆಯ ಪದರವೂ ಭದ್ರವಾಗಿದ್ದಲ್ಲಿ ಹೊರಗಿನ ಕಣಗಳು ರಕ್ತಕ್ಕೆ ನುಸುಳುವುದು ಕಷ್ಟವಾಗುತ್ತದೆ. ಉಗ್ರಾಣದ ಗೋಡೆ ಬಿರುಕು ಬಿಟ್ಟರೆ ಹೆಗ್ಗಣಕ್ಕೆ ದಾರಿಯಾಗುವಂತೆ, ಕರುಳಿನ ಗೋಡೆಯು ಸಡಿಲವಾದರೆ ಕಣಗಳಿಗೂ ದಾರಿಯಾಗಬಹುದೆಂಬುದು ವಿಜ್ಞಾನಿಗಳ ತರ್ಕವಾಗಿದೆ.

ಚೀನಾದ ನಾನ್‌ಜಿಂಗ್‌ನಲ್ಲಿ ಕರುಳಿನ ಉರಿಯೂತದ ರೋಗಿಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿದ ಅಧ್ಯಯನವೊಂದು 2021ರ ಕೊನೆಯಲ್ಲಿ ಪ್ರಕಟವಾಯಿತು. ರೋಗಿಗಳ ಒಣ ಮಲದ ಪ್ರತಿ ಗ್ರಾಮಿನಲ್ಲಿ ಸರಾಸರಿ 41.8 ಕಣಗಳೂ, ಆರೋಗ್ಯವಂತರಲ್ಲಿ 28 ಕಣಗಳೂ ಇದ್ದವು. ಕಣಗಳು ರೋಗವನ್ನು ಹೆಚ್ಚಿಸಿದುವೋ, ರೋಗದಿಂದಾಗಿ ಕಣಗಳು ಹೆಚ್ಚಾಗಿ ನಿಂತುವೋ ಎಂಬುದನ್ನು ಈ ಒಂದು ಅಧ್ಯಯನದಿಂದ ನಿರ್ಧರಿಸಲಾಗದು.

ಸೂಕ್ಷ್ಮಜೀವಿಗಳಿಂದಲೇ ಕಣಗಳನ್ನು ಹೊರಹಾಕಿಸುವ ಪ್ರಯತ್ನವು ಇದಕ್ಕಿಂತ ಹೊಸದು. ಚೀನಾದ ಸಂಶೋಧಕರು 784 ಬ್ಯಾಕ್ಟೀರಿಯಾ ತಳಿಗಳನ್ನು ಪರೀಕ್ಷಿಸಿ, ಪ್ಲಾಸ್ಟಿಕ್ ಕಣಗಳಿಗೆ ಚೆನ್ನಾಗಿ ಅಂಟಿಕೊಳ್ಳುವ ಎರಡು ಲ್ಯಾಕ್ಟಿಕ್ ಆಮ್ಲದ ತಳಿಗಳನ್ನು ಆರಿಸಿಕೊಂಡರು. ಇವುಗಳನ್ನು ಇಲಿಗಳಿಗೆ ತಿನ್ನಿಸಿದಾಗ ಪಾಲಿಸ್ಟೈರೀನ್ ಕಣಗಳ ವಿಸರ್ಜನೆಯು ಶೇಕಡಾ 34ರಷ್ಟು ಹೆಚ್ಚಿತು. ಕರುಳಿನಲ್ಲಿ ಉಳಿದ ಕಣಗಳು ಶೇಕಡಾ 67ರಷ್ಟು ತಗ್ಗಿದವು. ಫಲಿತಾಂಶವು 2025ರಲ್ಲಿ ಪ್ರಕಟವಾಯಿತು. ದಕ್ಷಿಣ ಕೊರಿಯಾದ ವಿಶ್ವ ಕಿಮ್ಚಿ ಸಂಸ್ಥೆಯ ಸಂಶೋಧಕರು ಕಿಮ್ಚಿ ಎಂಬ ಹುಳಿ ಬರಿಸಿದ ತರಕಾರಿಯಿಂದ ಬೇರ್ಪಡಿಸಿದ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯೂ ನ್ಯಾನೋ ಕಣಗಳಿಗೆ ಅಂಟಿಕೊಂಡು, ಇಲಿಗಳಲ್ಲಿ ಅವುಗಳ ವಿಸರ್ಜನೆಯನ್ನು ಹೆಚ್ಚಿಸಿತೆಂದು ವರದಿ ಮಾಡಿದ್ದಾರೆ. ಜಪಾನಿನಲ್ಲಿ ಸೀಗಡಿಯಂತಹ ಜೀವಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ನಾರನ್ನು ತಿನ್ನಿಸಿದ ಇಲಿಗಳಲ್ಲೂ ವಿಸರ್ಜನೆ ಹೆಚ್ಚಿದುದು ವರದಿಯಾಗಿದೆ.

ಇಡ್ಲಿಯ ಹಿಟ್ಟಿನ ಮಾತು

ಮೇಲೆ ಹೇಳಿದ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬುದು ಕನ್ನಡಿಗರಿಗೆ ಹೆಸರಿನಿಂದ ಅಪರಿಚಿತವಾದರೂ ಕೆಲಸದಿಂದ ಚಿರಪರಿಚಿತವೇ. ಅಕ್ಕಿ ಮತ್ತು ಉದ್ದಿನ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿ ಹುಳಿಯಾಗುವುದರಲ್ಲಿ ಈ ಬ್ಯಾಕ್ಟೀರಿಯಾಕ್ಕೆ ಮುಖ್ಯ ಪಾತ್ರವಿದೆ ಎಂಬುದು 1965ರಷ್ಟು ಹಿಂದೆಯೇ ಪ್ರಕಟವಾದ ಸಂಗತಿಯಾಗಿದೆ. ಇದನ್ನು ಓದಿದ ಕೂಡಲೇ ‘ಇಡ್ಲಿ ತಿಂದರೆ ಪ್ಲಾಸ್ಟಿಕ್ ಹೊರಹೋಗುತ್ತದೆ’ ಎಂಬ ಫಲಕ ಬರೆಸಲು ಯಾರಿಗಾದರೂ ಆಸೆಯಾಗುವುದು ಸಹಜ. ಆದರೆ ಹಾಗೆ ಹೇಳಲಾಗದು. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಗುಣವು ಜಾತಿಯದಲ್ಲ, ತಳಿಯದು. ಒಂದೇ ಜಾತಿಯ ರಾಗಿಯಲ್ಲಿ ಒಂದು ತಳಿ ಬೆಂಕಿರೋಗವನ್ನು ತಡೆದು ಇನ್ನೊಂದು ತಡೆಯದಿರುವಂತೆ, ಕೊರಿಯಾದ ತಳಿಗಿರುವ ಗುಣವು ಹಾಸನದ ಹಿಟ್ಟಿನಲ್ಲಿರುವ ತಳಿಗೂ ಇದೆಯೆಂದು ಪರೀಕ್ಷಿಸದೆ ಹೇಳುವಂತಿಲ್ಲ. ಎರಡನೆಯದಾಗಿ, ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಈ ಬ್ಯಾಕ್ಟೀರಿಯಾ ಜೀವಂತವಾಗಿ ಉಳಿಯುವುದಿಲ್ಲ. ಇಡ್ಲಿಯು ಸುಲಭವಾಗಿ ಜೀರ್ಣವಾಗುವ ಉತ್ತಮ ಆಹಾರವೆಂಬುದು ನಿಜ. ಅದು ಜೀವಂತ ಸೂಕ್ಷ್ಮಜೀವಿಗಳ ಆಹಾರವಲ್ಲ. ಮೂರನೆಯದಾಗಿ, ಈವರೆಗಿನ ಫಲಿತಾಂಶಗಳು ಇಲಿಗಳವು; ಮನುಷ್ಯರಲ್ಲಿ ಇದೇ ಪರಿಣಾಮವಾಗುವುದೆಂದು ಸಿದ್ಧವಾಗಿಲ್ಲ.

ಮೊಸರು, ಮಜ್ಜಿಗೆಗಳಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿರುತ್ತವೆ. ರಾಗಿಯಲ್ಲಿ ನಾರಿನಂಶವು ಧಾರಾಳವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಸಹ ಇಲ್ಲ. ರಾಗಿ ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಸೊಪ್ಪು, ಮಜ್ಜಿಗೆ ಎಂಬ ಈ ಸೀಮೆಯ ಊಟವು ಕರುಳಿನ ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಮೇವನ್ನು ಒದಗಿಸುತ್ತದೆಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇದು ಪ್ಲಾಸ್ಟಿಕ್ಕನ್ನು ತೊಳೆಯುತ್ತದೆಂದು ಹೇಳುವುದು ಮಾತ್ರ ಉತ್ಪ್ರೇಕ್ಷೆ. ಊಟದ ಗುಣವನ್ನು ಅದರ ನಿಜವಾದ ಬೆಲೆಗೇ ಮಾರುವುದು ಲೇಸು.

ಲೇಬಲಿನ ಮೇಲೆ ಏನನ್ನು ಬರೆಯಬಹುದು?

ಮೊಸರು, ಹುರಿಹಿಟ್ಟು, ಮಾಲ್ಟ್, ಉಪ್ಪಿನಕಾಯಿ, ಸಿದ್ಧ ದೋಸೆಹಿಟ್ಟು ಮುಂತಾದವನ್ನು ಪೊಟ್ಟಣದಲ್ಲಿ ಮಾರುವ ಸಣ್ಣ ಉದ್ದಿಮೆದಾರರು ಈ ಕೆಳಗಿನ ಅಂಶಗಳನ್ನು ತಪ್ಪದೆ ತಿಳಿದಿರತಕ್ಕದ್ದು.

1. ಆಹಾರದ ಜಾಹೀರಾತು ಮತ್ತು ಪ್ರತಿಪಾದನೆಗಳ ಕುರಿತ 2018ರ ನಿಯಮಾವಳಿಯ ಪ್ರಕಾರ ಆರೋಗ್ಯ ಸಂಬಂಧವಾದ ಯಾವುದೇ ಹೇಳಿಕೆಗೆ ವೈಜ್ಞಾನಿಕ ಆಧಾರವಿರಬೇಕು. ‘ವಿಷ ತೆಗೆಯುತ್ತದೆ’, ‘ಪ್ಲಾಸ್ಟಿಕ್ ಹೊರಹಾಕುತ್ತದೆ’ ಎಂಬ ಮಾತಿಗೆ ಇಲಿಗಳ ಮೇಲಿನ, ಅದೂ ಬೇರೆ ತಳಿಯ ಅಧ್ಯಯನವು ಆಧಾರವಾಗಲಾರದು.

2. ‘ಪ್ರೊಬಯಾಟಿಕ್’ ಎಂದು ಮಾರಬೇಕಾದಲ್ಲಿ ತಳಿಯ ಗುರುತು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಗಳು 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಕುಲ, ಜಾತಿ, ತಳಿ ಈ ಮೂರನ್ನೂ ಗುರುತಿಸಬೇಕೆಂದು ಹೇಳುತ್ತದೆ. ಪೂರಕ ಆಹಾರಗಳ ಕುರಿತ 2016ರ ನಿಯಮಾವಳಿಯು ದಿನದ ಪ್ರಮಾಣದಲ್ಲಿ ಕನಿಷ್ಠ ಹತ್ತು ಕೋಟಿ ಜೀವಂತ ಕಣಗಳಿರಬೇಕೆಂದು ವಿಧಿಸಿತು.

3. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯಿದೆಯ 53ನೇ ಕಲಮಿನಲ್ಲಿ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ಪ್ರತ್ಯೇಕವಾಗಿ ಹತ್ತು ಲಕ್ಷದವರೆಗೆ, ಪುನರಾವರ್ತನೆಯಾದಲ್ಲಿ ಐವತ್ತು ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಸಣ್ಣ ಉದ್ದಿಮೆಯೊಂದು ಒಂದು ಸಾಲಿನ ಸುಳ್ಳಿನಿಂದ ಮುಚ್ಚಿಹೋಗಲು ಇಷ್ಟು ಸಾಕು.

4. ‘ಅಧಿಕ ನಾರು’, ‘ಸಾಂಪ್ರದಾಯಿಕವಾಗಿ ಹುಳಿ ಬರಿಸಿದ’ ಎಂಬಂತಹ ಮಾತುಗಳು ನಿಗದಿತ ಪ್ರಮಾಣಕ್ಕೂ ವಾಸ್ತವಕ್ಕೂ ಹೊಂದುವಂತಿದ್ದರೆ ಬಳಸಬಹುದು. ಮುದ್ರಿಸುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಕ್ಷೇಮ.

ಅಂಗಡಿಯಲ್ಲಿಯೇ ಸಾಧ್ಯವಿರುವ ಕ್ರಮಗಳು

ಕರುಳಿನಲ್ಲಿ ಮಾಡಬೇಕಾದ ಪರಿಹಾರವು ಇನ್ನೂ ಪ್ರಯೋಗಾಲಯದಲ್ಲಿದೆ. ಅಡುಗೆಮನೆ, ಮಂಡಿ, ಉಗ್ರಾಣಗಳಲ್ಲಿ ಮಾಡಬೇಕಾದ ತಡೆಯು ಇಂದೇ ವ್ಯಾಪಾರಿಯ ಕೈಯಲ್ಲಿದೆ. ನಾಲ್ಕೂ ತಾಲ್ಲೂಕುಗಳ ವ್ಯಾಪಾರವನ್ನು ಗಮನಿಸಿ ಕೆಲವು ಸೂಚನೆಗಳನ್ನು ಇಲ್ಲಿ ನೀಡಲಾಗಿದೆ.

ಹಾಸನ: ನಗರದ ಹೋಟೆಲು, ಬೇಕರಿ, ದರ್ಶಿನಿಗಳಲ್ಲಿ ಇಡ್ಲಿಗೆ ಹತ್ತಿಯ ಬಟ್ಟೆ ಅಥವಾ ಎಣ್ಣೆ ಸವರಿದ ಉಕ್ಕಿನ ತಟ್ಟೆಯನ್ನೇ ಬಳಸತಕ್ಕದ್ದು. ಕುದಿಯುವ ಸಾಂಬಾರನ್ನು ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವ ಪದ್ಧತಿಯನ್ನು ಬಿಟ್ಟು, ಪಾತ್ರೆ ತಂದ ಗ್ರಾಹಕರಿಗೆ ಒಂದೆರಡು ರೂಪಾಯಿ ರಿಯಾಯಿತಿ ನೀಡಬಹುದು. ಸಿಹಿತಿಂಡಿಯ ಪೆಟ್ಟಿಗೆಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿದೆಯೆಂಬುದನ್ನು ಬೇಕರಿಯವರು ಮರೆಯಬಾರದು. ಆಲೂಗಡ್ಡೆ ಮಂಡಿಗಳಲ್ಲಿ ಬಿಸಿಲಿಗೆ ಪುಡಿಯಾದ ಚೀಲಗಳನ್ನು ಮತ್ತೆ ಮತ್ತೆ ತುಂಬದೆ ಪ್ರತ್ಯೇಕಿಸಿ ಗುಜರಿಗೆ ಕೊಡುವುದು, ಸಾಧ್ಯವಿದ್ದಲ್ಲಿ ಗೋಣಿಚೀಲಕ್ಕೆ ಮರಳುವುದು ಸೂಕ್ತ.

ಹೊಳೆನರಸೀಪುರ: ನದಿಯ ದಡದಲ್ಲಿರುವ ಪಟ್ಟಣವಾದ್ದರಿಂದ ಇಲ್ಲಿ ಗುಡಿಸಿದ ಕಸವು ಚರಂಡಿಯ ಮೂಲಕ ಹೊಳೆಯನ್ನು ಸೇರಲು ಹೆಚ್ಚು ಹೊತ್ತು ಬೇಡ. ಅಂಗಡಿಯ ಮುಂದಿನ ಚರಂಡಿಗೆ ಒಂದು ತಂತಿಯ ಜಾಲರಿ ಹಾಕಿಸುವುದು ಅಲ್ಪ ಖರ್ಚಿನ ಕೆಲಸ. ನೀರಿನ ಕ್ಯಾನುಗಳನ್ನು ಮಾರುವವರು ಅವುಗಳನ್ನು ಬಿಸಿಲಿನಲ್ಲಿ ಒಟ್ಟದೆ ನೆರಳಿನಲ್ಲಿರಿಸಬೇಕು. ಗೀರುಬಿದ್ದು ಮಾಸಿದ ಕ್ಯಾನುಗಳನ್ನು ಸರದಿಯಿಂದ ತೆಗೆಯಬೇಕು.

ಅರಕಲಗೂಡು: ಶುಂಠಿ, ಮೆಕ್ಕೆಜೋಳ, ತರಕಾರಿಗಳನ್ನು ತುಂಬುವ ಹಾಗೂ ಸಾಗಿಸುವ ವರ್ತಕರು ಹೊಲದಲ್ಲಿ ಹಾಸಿದ ಪ್ಲಾಸ್ಟಿಕ್ ಹೊದಿಕೆಯು ಹರಿಯುವ ಮೊದಲೇ ಅದನ್ನು ಎತ್ತಿಸುವಂತೆ ರೈತರಿಗೆ ತಿಳಿಹೇಳಬಹುದು. ಹೊದಿಕೆ ಮಾರುವ ಅಂಗಡಿಯವರೇ ಹಳೆಯದನ್ನು ತೂಕಕ್ಕೆ ಮರಳಿ ಕೊಳ್ಳುವ ಏರ್ಪಾಡು ಮಾಡಿದಲ್ಲಿ ಅದೂ ಒಂದು ವ್ಯಾಪಾರವೇ ಆಗುತ್ತದೆ. ಕೊಣನೂರು, ರಾಮನಾಥಪುರಗಳ ನದೀತೀರದಲ್ಲಿ ಅಂಗಡಿಯಿಟ್ಟವರಿಗೆ ಹೊಳೆನರಸೀಪುರದ ಜಾಲರಿಯ ಸೂಚನೆಯೂ ಅನ್ವಯಿಸುತ್ತದೆ.

ಚನ್ನರಾಯಪಟ್ಟಣ: ತೆಂಗು ಮತ್ತು ಹೈನುಗಾರಿಕೆಗಳ ಈ ತಾಲ್ಲೂಕಿನಲ್ಲಿ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರೇ ದೊಡ್ಡ ಮಾರುಕಟ್ಟೆ. ಎಳನೀರನ್ನು ಪ್ಲಾಸ್ಟಿಕ್ ಕೊಳವೆಯಿಲ್ಲದೆ ಲೋಟದಲ್ಲಿ ಕೊಡುವುದು, ಮಜ್ಜಿಗೆಯನ್ನು ಮಣ್ಣಿನ ಅಥವಾ ಉಕ್ಕಿನ ಪಾತ್ರೆಯಲ್ಲಿ ಕೊಡುವುದು ಕಷ್ಟವೇನಲ್ಲ. ಪ್ಲಾಸ್ಟಿಕ್ ಕೊಳವೆಯು ಸಹ 2022ರ ನಿಷೇಧದ ಪಟ್ಟಿಯಲ್ಲಿದೆ. ಕೊಳವೆಬಾವಿಯ ನೀರು ಗಡಸಾಗಿರುವ ಕಡೆಗಳಲ್ಲಿ ಇನ್ನೊಂದು ಉಪಾಯವುಂಟು. ಚೀನಾದ ಗುವಾಂಗ್‌ಜೌನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಂತೆ ಗಡಸು ನೀರನ್ನು ಐದು ನಿಮಿಷ ಕುದಿಸಿ ಸೋಸಿದಾಗ, ಪಾತ್ರೆಯ ತಳಕ್ಕೆ ಕಟ್ಟುವ ಸುಣ್ಣದ ಜೊತೆಯಲ್ಲಿಯೇ ಪ್ಲಾಸ್ಟಿಕ್ ಕಣಗಳೂ ಸಿಕ್ಕಿಬಿದ್ದು ಶೇಕಡಾ 90ರವರೆಗೆ ಕಡಿಮೆಯಾದವು. ಮೆದು ನೀರಿನಲ್ಲಿ ಈ ಪ್ರಮಾಣ ಶೇಕಡಾ 25ರಷ್ಟು ಮಾತ್ರ. ನೀರನ್ನು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುವ ಹಿರಿಯರ ಪದ್ಧತಿಯಲ್ಲಿ ಅವರು ಉದ್ದೇಶಿಸದಿದ್ದ ಲಾಭವೊಂದಿತ್ತೆಂದು ಇದರಿಂದ ತಿಳಿಯುತ್ತದೆ.

ಹಾಳೆ ತಟ್ಟೆಯ ಎಚ್ಚರಿಕೆ

ಪ್ಲಾಸ್ಟಿಕ್ಕಿಗೆ ಬದಲಾಗಿ ಅಡಿಕೆ ಹಾಳೆಯ ತಟ್ಟೆಗಳನ್ನು ತಯಾರಿಸುವ ಘಟಕಗಳು ಕರ್ನಾಟಕದಲ್ಲಿ ಬಹಳಷ್ಟು ಸ್ಥಾಪನೆಗೊಂಡಿವೆ. ಆದರೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿ ಸಹಜವಾಗಿರುವ ಕ್ಷಾರಪದಾರ್ಥಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ, ಈ ತಟ್ಟೆಗಳು ಆಹಾರ ಬಳಕೆಗೆ ಒಪ್ಪಿತವಲ್ಲವೆಂದು ತಿಳಿಸಿತು. ರಫ್ತು ಮಾಡುತ್ತಿದ್ದವರಿಗೆ ಇದು ಭಾರೀ ಪೆಟ್ಟಾಯಿತು. ಪ್ಲಾಸ್ಟಿಕ್ ಅಲ್ಲದ್ದೆಲ್ಲವೂ ತಾನಾಗಿಯೇ ನಿರಪಾಯವಲ್ಲ, ಪರೀಕ್ಷೆಯಿಲ್ಲದ ಬದಲಿಯ ಮೇಲೆ ಬಂಡವಾಳವೆಲ್ಲವನ್ನೂ ಹೂಡಬಾರದು ಎಂಬುದೇ ಇದರ ಪಾಠ. ಬಾಳೆ ಎಲೆ, ಮುತ್ತುಗದ ಎಲೆ ಹಾಗೂ ಉಕ್ಕಿನ ತಟ್ಟೆಗಳು ಮದುವೆ, ಜಾತ್ರೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವುದನ್ನು ಇಲ್ಲಿ ನೆನೆಯಬಹುದು.

ಖರ್ಚಿನ ಲೆಕ್ಕ

‘ಇದೆಲ್ಲ ಕೇಳಲು ಚೆನ್ನ, ಗಿಟ್ಟುವುದೇ?’ ಎಂಬ ಪ್ರಶ್ನೆ ನ್ಯಾಯವಾದುದು. ಉದಾಹರಣೆಗೆ, ದಿನಕ್ಕೆ 400 ಲೋಟ ಕಾಫಿ, ಚಹಾ ಮಾರುವ ಅಂಗಡಿಯು ಕಾಗದದ ಲೋಟವೊಂದಕ್ಕೆ 60 ಪೈಸೆ ಕೊಡುತ್ತದೆಂದು ಇಟ್ಟುಕೊಂಡರೆ ದಿನಕ್ಕೆ 240 ರೂಪಾಯಿ, 26 ದಿನಗಳ ತಿಂಗಳಿಗೆ 6,240 ರೂಪಾಯಿ ಆಗುತ್ತದೆ. ಉಕ್ಕಿನ ಲೋಟಕ್ಕೆ ಬದಲಾಯಿಸಿ, ತೊಳೆಯಲು ಅರ್ಧ ದಿನದ ಕೂಲಿ, ನೀರು, ಸೋಪು ಸೇರಿ ದಿನಕ್ಕೆ 200 ರೂಪಾಯಿ ತಗುಲಿದರೆ ತಿಂಗಳಿಗೆ 5,200 ರೂಪಾಯಿ. ಉಳಿತಾಯ 1,040 ರೂಪಾಯಿ. ತಲಾ 40 ರೂಪಾಯಿಯಂತೆ 150 ಲೋಟಗಳಿಗೆ ಹೂಡಿದ 6,000 ರೂಪಾಯಿ ಸುಮಾರು ಆರು ತಿಂಗಳಲ್ಲಿ ಮರಳುತ್ತದೆ. ಆದರೆ ದಿನಕ್ಕೆ 200 ಲೋಟವಷ್ಟೇ ಹೋಗುವ ಅಂಗಡಿಗೆ ಕಾಗದದ ಖರ್ಚು 3,120 ರೂಪಾಯಿ ಮಾತ್ರವಾಗುವುದರಿಂದ ಕೂಲಿಯಿಟ್ಟು ತೊಳೆಸುವುದು ನಷ್ಟ. ಅಂತಹವರು ಮನೆಮಂದಿಯೇ ತೊಳೆಯುವುದಾದರೆ ಮಾತ್ರ ಗಿಟ್ಟುತ್ತದೆ. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ತಾವೇ ಮಾಡಿಕೊಳ್ಳತಕ್ಕದ್ದು.

ಇಲ್ಲಿ ಮತ್ತೊಂದು ಎಚ್ಚರಿಕೆಯ ಮಾತನ್ನು ಹೇಳದಿರಲಾಗದು. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ಉಕ್ಕಿನ ಲೋಟವು ವಾಂತಿಭೇದಿಯನ್ನು ಹರಡುತ್ತದೆ. ಬೇಯಿಸಿ ಒಗೆಯದ ಇಡ್ಲಿ ಬಟ್ಟೆಯೂ ಹಾಗೆಯೇ. ಪ್ಲಾಸ್ಟಿಕ್ ಕಣದ ಹಾನಿಯು ವರ್ಷಗಳ ಮಾತಾದರೆ, ಕೊಳಕಿನ ಹಾನಿಯು ಅದೇ ರಾತ್ರಿಯದು. ಆದುದರಿಂದ ಹರಿಯುವ ನೀರು, ಸೋಪು, ಕೊನೆಯಲ್ಲಿ ಬಿಸಿನೀರು ಈ ಮೂರರ ಏರ್ಪಾಡಿಲ್ಲದೆ ಬದಲಾವಣೆಗೆ ಕೈಹಾಕಬಾರದು.

ಉಪಸಂಹಾರ

ಕರುಳಿನ ಸೂಕ್ಷ್ಮಜೀವಿಗಳ ವಿಜ್ಞಾನವು ಆಶಾದಾಯಕವಾಗಿದೆ. ಮುಂದೊಂದು ದಿನ ಮನುಷ್ಯರಲ್ಲಿ ಪರೀಕ್ಷಿತವಾದ ತಳಿಯು ದೊರೆತು, ಅದನ್ನು ಮೊಸರಿನಲ್ಲಿ ಬೆಳೆಸಿ ಮಾರುವ ಉದ್ದಿಮೆಯು ಹೈನುಗಾರಿಕೆಯ ಈ ಜಿಲ್ಲೆಯಲ್ಲಿಯೂ ಸ್ಥಾಪನೆಯಾಗಬಹುದು. ಅಲ್ಲಿಯವರೆಗೆ, ಒಳಗೆ ಹೋದುದನ್ನು ಹೊರತೆಗೆಯುವ ಭರವಸೆಯನ್ನು ಮಾರುವುದಕ್ಕಿಂತ ಒಳಗೆ ಹೋಗದಂತೆ ತಡೆಯುವ ಪದಾರ್ಥವನ್ನು ಮಾರುವುದು ಪ್ರಾಮಾಣಿಕವೂ ಲಾಭದಾಯಕವೂ ಆದ ಮಾರ್ಗವಾಗಿದೆ. ಹಿಟ್ಟಿನಲ್ಲಿರುವ ಜೀವಿಗಳು ಏನು ಮಾಡಬಲ್ಲವೆಂಬುದನ್ನು ವಿಜ್ಞಾನಿಗಳು ನಿರ್ಧರಿಸಲಿ. ಹಿಟ್ಟಿನ ಕೆಳಗೆ ಏನನ್ನು ಹಾಸಬೇಕೆಂಬುದನ್ನು ಹೋಟೆಲಿನ ಮಾಲೀಕರು ನಾಳೆಯ ಬೆಳಗಿನ ಮೊದಲ ಒಲೆಯಿಂದಲೇ ನಿರ್ಧರಿಸಬಹುದು.